ಸ್ಕೇಲ್ ಬೇಡದ ಪುಟ

3 ಜೂನ್, ಮಂಗಳವಾರ

ಬೆಳಗ್ಗಿನಿಂದ ಜೋಡಿ ಓದು. ಗಂಟಲು ಒಣಗಿ ಹೋಗಿದೆ.

ಲಿಫ್ಟ್ ಮೆಕ್ಯಾನಿಕ್ಕುಗಳ ಕೈಪಿಡಿ ಮರುಮುದ್ರಣಕ್ಕೆ ಹೋಗಬೇಕು. ನಾನು ಪುಸ್ತಕ ನೋಡಿ ಓದುವುದು, ದಶಮಾಂಶ ಸಾರ್ ಇಂಜಿನಿಯರುಗಳ ಮೂಲ ಹಾಳೆ ನೋಡಿ ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕುವುದು. ವಾಕ್ಯವನ್ನು ಯಾರು ಬೇಕಾದರೂ ತಿದ್ದಬಹುದು. ಅಂಕಿಯನ್ನು ಮಾತ್ರ ಇಬ್ಬರು ಎದುರುಬದುರು ಕೂತು, ಬಾಯಿಬಿಟ್ಟು ಓದಿ, ಕಿವಿಯಾರೆ ಕೇಳಿಯೇ ಒಪ್ಪಬೇಕು. ಇದು ಸಾರ್ ಹಾಕಿದ ಕಟ್ಟಳೆ. ನಮ್ಮ ಕೈಪಿಡಿ ವಿಭಾಗಕ್ಕೇ ಹಿರಿಯರು, ಒಳ್ಳೆಯ ಮನುಷ್ಯ. ಆದರೆ ಅರ್ಧ ಕಪ್ ಕಾಫಿಯನ್ನೂ "ಸೊನ್ನೆ ಪಾಯಿಂಟ್ ಐದು" ಎಂದೇ ಕೇಳುತ್ತಾರೆ. ಆ ಹೆಸರು ಸುಮ್ಮನೆ ಬಂದಿಲ್ಲ.

"ಐವತ್ತೆರಡು ಪಾಯಿಂಟ್ ಸೊನ್ನೆ ಸೊನ್ನೆ." ಟಿಕ್. "ಐವತ್ತೆಂಟು ಪಾಯಿಂಟ್ ಸೊನ್ನೆ ಸೊನ್ನೆ." ಟಿಕ್.

ಈ ಸೊನ್ನೆಗಳು ಯಾರ ಉಪಯೋಗಕ್ಕೆ ಅಂತ ಕೇಳಿದೆ. "ಟೇಬಲ್ ಅಂದ್ಮೇಲೆ ಎಲ್ಲ ಅಂಕಿಗೂ ಒಂದೇ ಯೂನಿಫಾರ್ಮ್ ಇರಬೇಕಮ್ಮ" ಅಂದರು. ಯೂನಿಫಾರ್ಮ್ ಹಾಕಿದ ಮಕ್ಕಳ ಗುಂಪಿನಲ್ಲಿ ತನ್ನದು ಯಾವುದೆಂದು ಶಾಲೆಯ ಗೇಟಿನ ಹತ್ತಿರ ನಿಂತ ತಾಯಿಯನ್ನು ಕೇಳಿ ನೋಡಲಿ.

ಪುಟ 40, 41 ಅಂತೂ ಕಣ್ಣಿಗೆ ಶಿಕ್ಷೆ. ಒಂದೇ ಟೇಬಲ್ ಎರಡು ಪುಟಕ್ಕೂ ಅಡ್ಡಲಾಗಿ ಮಲಗಿದೆ. ಎಡಪುಟದಲ್ಲಿ ಭಾಗಗಳ ಹೆಸರು — ಬ್ರೇಕ್ ಸ್ಪ್ರಿಂಗ್, ಅದರ ಕೆಳಗೇ ಬಾಗಿಲ ಸ್ಪ್ರಿಂಗ್, ಹೀಗೆ ಇರುವೆ ಸಾಲಿನಂತೆ ಒತ್ತಿಕೊಂಡು. ದೊಡ್ಡ ಲಿಫ್ಟುಗಳ ಅಂಕಿಗಳೆಲ್ಲ ಬಲಪುಟದಲ್ಲಿ. ಹೆಸರಿನಿಂದ ಹೊರಟ ಕಣ್ಣು ನಡುವಿನ ಮಡಿಕೆ ದಾಟಿ ಅದೇ ಸಾಲಿಗೆ ಇಳಿಯಬೇಕು. ಇಳಿಯುವುದಿಲ್ಲ. ಅದಕ್ಕೇ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟುಕೊಂಡು ಓದುತ್ತೇನೆ. ನಮ್ಮಲ್ಲಿ ಎಲ್ಲರ ಮೇಜಿನ ಮೇಲೂ ಒಂದೊಂದು ಸ್ಕೇಲ್ ಇದೆ.

"ಸಾಲುಗಳ ಮಧ್ಯೆ ಸ್ವಲ್ಪ ಜಾಗ ಬಿಡೋಣ ಸಾರ್."

"ಬಿಟ್ಟರೆ ಪುಸ್ತಕ ದಪ್ಪ ಆಗುತ್ತೆ. ಮೆಕ್ಯಾನಿಕ್ ಜೇಬಿಗೆ ಹೋಗಲ್ಲ. ಜೇಬಿಗೆ ಹೋಗದ ಪುಸ್ತಕ ವ್ಯಾನಿನಲ್ಲೇ ಉಳಿದುಹೋಗುತ್ತೆ."

ಅವರ ಮಾತಿನಲ್ಲೂ ಹುರುಳಿದೆ.

ಮನೆಗೆ ಬಂದರೆ ಫ್ರಿಜ್ಜಿನ ಹಿಡಿಕೆಯ ಮೇಲೆ ಗ್ರೀಸ್. ನಾದಿನಿ ಬಂದಾಗಿದೆ ಎಂದರ್ಥ. ಇವರ ಒಬ್ಬಳೇ ತಂಗಿ. ನಮ್ಮದೇ ಕಂಪನಿಯಲ್ಲಿ ಲಿಫ್ಟ್ ಮೆಕ್ಯಾನಿಕ್. ನಮ್ಮ ಹಿಂದಿನ ಕೋಣೆಯಲ್ಲಿ ವಾಸ. ನಾನಿಟ್ಟ ಹೆಸರು ಸ್ಪ್ಯಾನರ್. ಯಾವತ್ತಿನ ಜಗಳವೇ ಇವತ್ತೂ.

"ಬ್ರೇಕ್ ಸರಿಯಿದ್ಯೋ ಇಲ್ವೋ ಕೈಗೇ ಗೊತ್ತಾಗುತ್ತೆ ಅತ್ತಿಗೆ. ನಿಮ್ಮ ಪುಸ್ತಕ ಓದಿ ಮುಗಿಸೋಷ್ಟರಲ್ಲಿ ಲಿಫ್ಟಿಗೇ ವಯಸ್ಸಾಗುತ್ತೆ."

"ಅಷ್ಟೆಲ್ಲ ಗೊತ್ತಾಗೋ ಕೈಗೆ, ತೊಳ್ಕೊಂಡು ಫ್ರಿಜ್ ಮುಟ್ಟಬೇಕು ಅಂತ ಮಾತ್ರ ಗೊತ್ತಾಗಲ್ಲ."

ನಕ್ಕಳು. ಹಿಡಿಕೆ ಒರೆಸಿದ್ದು ನಾನೇ.

6 ಜೂನ್, ಶುಕ್ರವಾರ

ಸ್ಪ್ಯಾನರಿಗೆ ಸ್ವತಂತ್ರ ಲೈಸೆನ್ಸ್ ಬಂತು! ಇನ್ನು ಮೇಲೆ ಹಿರಿಯ ಮೆಕ್ಯಾನಿಕ್ಕಿನ ಬಾಲ ಹಿಡಿದು ಓಡಾಡಬೇಕಿಲ್ಲ. ಸೋಮವಾರ ಒಬ್ಬಳೇ ಹೋಗುವ ಮೊದಲ ಕೆಲಸ — ಹತ್ತು ಜನರ ಲಿಫ್ಟು, ಹೊಸ ಮಾದರಿ, ಇವಳು ಕೈಯಿಟ್ಟೇ ಇಲ್ಲದ್ದು.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಮೆಲ್ಲಗೆ ಕೇಳಿದಳು. "ಅತ್ತಿಗೆ, ನಿಮ್ಮ ಪುಸ್ತಕ ಒಂದು ಕೊಡ್ತೀರಾ?"

ಗೆದ್ದೆ. ಮೂರು ವರ್ಷದ ಯುದ್ಧ ಗೆದ್ದೆ. ಎದ್ದು ಹೋಗಿ ಆಗಲೇ ತಂದುಕೊಟ್ಟೆ. ಪ್ಲಾಸ್ಟಿಕ್ ಕವರ್ ಹಾಕಿಕೊಂಡಳು, ಶಾಲೆಯ ಮಕ್ಕಳ ಹಾಗೆ. ಇವರು — ಡ್ರಿಲ್ ಮಾಸ್ತರು, ಶಾಲೆಯಲ್ಲಿ ಗುಡುಗುವ ಆಸಾಮಿ — ಮನೆಯಲ್ಲಿ ಬಾಯಿ ಬಿಡುವುದೇ ಅಪರೂಪ. ಇವತ್ತು ತಂಗಿಯ ತಲೆ ಸವರಿ, "ಸೆಲ್ಯೂಟ್ ಹೊಡೀಲಾ?" ಅಂದರು.

10 ಜೂನ್, ಮಂಗಳವಾರ

"ಪುಸ್ತಕ ನೋಡ್ಕೊಂಡೇ ಬ್ರೇಕ್ ಸೆಟ್ ಮಾಡಿದೆ ಅತ್ತಿಗೆ. ಕೈ ಬೇರೆ ಏನೋ ಹೇಳ್ತಿತ್ತು. ಹೊಸ ಮಾಡೆಲ್ ಅಲ್ವಾ, ನಾನು ಪುಸ್ತಕದ ಮಾತೇ ಕೇಳಿದೆ."

ಹಿಗ್ಗಿ ಹೀರೇಕಾಯಾದೆ. ಸಾರ್‌ಗೂ ಹೇಳಿದೆ. ಅವರೂ ಹಿಗ್ಗಿದರು.

17 ಜೂನ್, ಮಂಗಳವಾರ

ಆ ಲಿಫ್ಟು ಜಾರಿದೆ. ಒಬ್ಬರಿಗೆ ಪೆಟ್ಟಾಗಿದೆ.

ಸ್ಪ್ಯಾನರ್ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೂ ಬರಲಿಲ್ಲ. ಫ್ರಿಜ್ಜಿನ ಹಿಡಿಕೆ ಸ್ವಚ್ಛವಾಗಿದೆ... ಅದನ್ನು ನೋಡಿದರೇ ಸಂಕಟ.

18 ಜೂನ್, ಬುಧವಾರ

ಈಗ ಪೂರ್ತಿ ಗೊತ್ತಾಯಿತು. ನಾಲ್ಕನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು — ಎಲ್ಲರೂ ಟೈಲರಮ್ಮ ಅನ್ನುತ್ತಾರೆ. ಲಿಫ್ಟು ತುಂಬಿತ್ತು. ನಾಲ್ಕರಲ್ಲಿ ನಿಂತು ಬಾಗಿಲು ತೆರೆದ ಮೇಲೆ, ಅವರು ಕಾಲು ಹೊರಗಿಡುವ ಹೊತ್ತಿಗೆ, ಮೊಣಕಾಲುದ್ದ ಕೆಳಗೆ ಜಾರಿ ನಿಂತಿದೆ. ಅವರು ಮುಗ್ಗರಿಸಿ ಬಿದ್ದು ಪಾದದ ಕೀಲು ಮುರಿದಿದೆ. ಪ್ರಾಣಕ್ಕೇನೂ ಇಲ್ಲ. ಹಾಗಂತ ಎಲ್ಲರೂ ಹೇಳುತ್ತಿದ್ದಾರೆ, ಪ್ರಾಣಕ್ಕೇನೂ ಇಲ್ಲ ಅಂತ. ನಾಲ್ಕು ಮಹಡಿಯ ಮೇಲೆ ಕಾಲಿಗೆ ಪ್ಲಾಸ್ಟರ್, ಲಿಫ್ಟಿಗೆ ಬೀಗ.

ಕಾರಣ ಸಿಕ್ಕಿದೆ. ಬ್ರೇಕನ್ನು ಒತ್ತಿ ಹಿಡಿಯುವ ಸ್ಪ್ರಿಂಗನ್ನು 52 ಮಿಲಿಮೀಟರಿಗೆ ಬಿಗಿ ಮಾಡಬೇಕು. ಇವಳು 58ಕ್ಕೇ ಬಿಟ್ಟಿದ್ದಾಳೆ. ಸ್ಪ್ರಿಂಗ್ ಉದ್ದ ಉಳಿದಷ್ಟೂ ಬ್ರೇಕಿನ ಹಿಡಿತ ಸಡಿಲ. ನಾಲ್ಕು ಜನ ಇದ್ದಾಗ ನಿಂತಿತು. ತುಂಬಿದಾಗ ಜಾರಿತು.

ಲೈಸೆನ್ಸ್ ತಡೆಹಿಡಿದಿದ್ದಾರೆ. ವಿಚಾರಣೆಯಲ್ಲಿ ತಪ್ಪು ಇವಳದೇ ಎಂದಾದರೆ ಶಾಶ್ವತವಾಗಿ ರದ್ದು. ಬೇರೆ ಕೆಲಸ ಇವಳಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ.

19 ಜೂನ್, ಗುರುವಾರ

ಬೆಳಗ್ಗೆ ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿದೆ. ಮುಖ ಬಾಡಿಹೋಗಿದೆ. "ಆವತ್ತು ಹ್ಯಾಗೆ ನೋಡಿದೆ, ತೋರಿಸು" ಅಂದೆ. ಪುಸ್ತಕ ತಂದಳು. ಪ್ಲಾಸ್ಟಿಕ್ ಕವರಿನ ಮೇಲೆ ಹೆಬ್ಬೆಟ್ಟಿನ ಕಪ್ಪು ಗುರುತು.

ಎಡಗೈಯಲ್ಲಿ ಹಿಡಿದಳು. ಬಲಗೈಯಲ್ಲಿ ಸ್ಪ್ಯಾನರ್ ಇರುತ್ತದಲ್ಲ. ಒಂದೇ ಕೈಯಲ್ಲಿ ತೆರೆದ ಪುಸ್ತಕ ನಿಲ್ಲುವುದಿಲ್ಲ, ಆದ್ದರಿಂದ ಹಿಂದಕ್ಕೆ ಮಡಚಿದಳು. ಎಡಪುಟ ಬೆನ್ನಿಗೆ ಹೋಯಿತು. ಹೆಸರುಗಳೆಲ್ಲ ಮಾಯ. ಬಲಪುಟದಲ್ಲಿ ಬರೀ ಅಂಕಿ. "ಹಿಂದೆ ತಿರುಗಿಸಿ ಬ್ರೇಕ್ ಎಷ್ಟನೇ ಸಾಲು ಅಂತ ನೋಡ್ಕೊಂಡೆ, ಮುಂದೆ ತಿರುಗಿಸಿ ಎಣಿಸಿದೆ" ಅಂದಳು. ಈಗಲೂ ಎಣಿಸಿದಳು. ಬೆರಳು ಬಂದು ನಿಂತದ್ದು 58.00ರ ಮೇಲೆ. ಬಾಗಿಲ ಸ್ಪ್ರಿಂಗಿನ ಅಳತೆ. ಒಂದು ಸಾಲು ಕೆಳಗೆ.

ಬೆಳಕಿದೆ, ಮೇಜಿದೆ, ಅವಸರವಿಲ್ಲ. ತಪ್ಪಾಗಿದೆ ಎಂದು ಗೊತ್ತಿದ್ದೂ ಮತ್ತೆ ಅದೇ ಸಾಲು.

ಅವಳು ಬೆರಳನ್ನು ಬಿಸಿ ತಗುಲಿದಂತೆ ಎಳೆದುಕೊಂಡಳು. "ನನ್ನ ಕಣ್ಣೇ ಸರಿಯಿಲ್ಲ ಅತ್ತಿಗೆ."

ಮಡಚಿದ ಪುಸ್ತಕವನ್ನು ನಾನು ಈವರೆಗೆ ನೋಡಿಯೇ ಇರಲಿಲ್ಲ. ನಾವು ಓದುವುದು ಮೇಜಿನ ಮೇಲೆ, ಬಿಚ್ಚಿಟ್ಟು, ಸ್ಕೇಲ್ ಇಟ್ಟುಕೊಂಡು. ಇವಳಿಗೆ ಸ್ಕೇಲ್ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು?

"ಪುಸ್ತಕ ನೋಡು, ಪುಸ್ತಕ ನೋಡು" ಎಂದು ತಲೆ ತಿಂದವಳು ನಾನು. ಅವಳ ಕೈ ಬೇರೆ ಹೇಳುತ್ತಿತ್ತಂತೆ. ತುಂಬಾ ಅಳು ಬಂತು. ಅವಳೆದುರು ಅಳಲಿಲ್ಲ.

20 ಜೂನ್, ಶುಕ್ರವಾರ

ತನಿಖೆಯವರಿಂದ ಪತ್ರ. ಪುಟ 40–41ರ ಅಂಕಿಗಳು ಸರಿಯಾಗಿವೆ ಎಂದು ಜೋಡಿ ಓದಿದ ಇಬ್ಬರೂ ಸಹಿ ಮಾಡಿ ಕೊಡಬೇಕಂತೆ. ಸಾರ್ ಆಗಲೇ ಮಾಡಿದ್ದಾರೆ. ಇನ್ನೊಂದು ಜಾಗ ನನ್ನದು.

"ನಿನ್ನ ನಾದಿನಿ ಅಂತ ಗೊತ್ತಮ್ಮ. ನಂಗೂ ಸಂಕಟ ಆಗುತ್ತೆ. ಆದರೆ ಪ್ರಶ್ನೆ ಇಷ್ಟೇ. ಅಂಕಿ ಸರಿ ಇದ್ಯೋ ಇಲ್ವೋ?"

"ಇದೆ ಸಾರ್."

"ಮತ್ತೆ?"

ಅಂಕಿಯೊಂದೂ ತಪ್ಪಿಲ್ಲ. ನಾನೇ ಗಂಟಲು ಹರಿದುಕೊಂಡು ಓದಿದ್ದೇನೆ. ಆದರೆ ನಾನು ಸಹಿ ಹಾಕಿದ ಮರುಕ್ಷಣ ಪುಸ್ತಕ ಸರಿ, ಓದಿದವಳೇ ತಪ್ಪು ಎಂದಾಗುತ್ತದೆ. ಆಮೇಲೆ ಪುಟವನ್ನು ಯಾರೂ ತೆಗೆದು ನೋಡುವುದಿಲ್ಲ.

ಮಂಗಳವಾರದವರೆಗೆ ಸಮಯ ಕೇಳಿದೆ. ಕೊಟ್ಟರು, ಮುಖ ಗಂಟಿಕ್ಕಿಕೊಂಡೇ.

ಸಂಜೆ ಇವರಿಗೆ ಹೇಳಿದೆ. ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಒಂದು ಬೂಟನ್ನು ಪೂರ್ತಿ ಮುಗಿಸಿದರು. ಆಮೇಲೆ, "ನನ್ನ ತಂಗಿ ಅಂತ ಸಹಿ ಹಾಕದೇ ಇರಬೇಡ. ಹಾಕೋದು ಸರಿಯಲ್ಲ ಅನ್ನಿಸಿದರೆ ಮಾತ್ರ ಹಾಕಬೇಡ" ಅಂದರು. ಮತ್ತೆ ಅದೇ ಬೂಟಿಗೆ ಪಾಲಿಶ್ ಹಾಕಲು ಶುರುಮಾಡಿದರು.

22 ಜೂನ್, ಭಾನುವಾರ

ಟೈಲರಮ್ಮನನ್ನು ನೋಡಲು ಹೋದೆವು. ಸ್ಪ್ಯಾನರ್ ಮೂರನೇ ಮಹಡಿಯವರೆಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನೀವು ಹೋಗಿ ಬನ್ನಿ."

ಒಂದೇ ಕೋಣೆ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶರ್ಟುಗಳ ರಾಶಿ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ನನಗಿಂತ ದೊಡ್ಡವರು. ಕೋಪ ಮೂಗಿನ ತುದಿಯಲ್ಲೇ ಇತ್ತು, ಇರಬೇಕಾದದ್ದೇ.

"ನಂಬರ್ ತಪ್ಪು ಓದಿದಳಂತೆ. ನಾನೂ ಓದ್ತೀನಮ್ಮ ತಪ್ಪು. ನಂದು ತಪ್ಪಿದ್ರೆ ಶರ್ಟು ಬಿಗಿಯಾಗುತ್ತೆ. ಅವಳದು ತಪ್ಪಿದ್ರೆ ಕಾಲು ಮುರಿಯುತ್ತೆ. ಅಷ್ಟು ಗೊತ್ತಿರಬೇಡ್ವಾ?"

ತಲೆ ತಗ್ಗಿಸಿ ಕೇಳಿಸಿಕೊಂಡೆ. ಯಂತ್ರ ತುಳಿಯಲಾಗದೆ ಕೆಲಸವೆಲ್ಲ ನಿಂತಿದೆಯಂತೆ. ಕೆಳಗಿಳಿಯುವುದಕ್ಕೂ ಆಗುವುದಿಲ್ಲ. ಆಸ್ಪತ್ರೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರಂತೆ. "ಮೂಟೆ ಹೊತ್ತ ಹಾಗೆ" ಎಂದು ಎರಡು ಸಲ ಹೇಳಿದರು. ಅದೇ ಅವರಿಗೆ ಹೆಚ್ಚು ನೋವಾದದ್ದು.

ಹೊರಡುವಾಗ, "ಅವಳೆಲ್ಲಿ?" ಅಂದರು. ಮೆಟ್ಟಿಲ ಮೇಲೆ ಅಂದೆ. ಬಾಗಿಲ ಕಡೆ ಒಮ್ಮೆ ನೋಡಿದರು.

24 ಜೂನ್, ಮಂಗಳವಾರ

ಸಹಿ ಹಾಕಲಿಲ್ಲ.

ಸಾರ್ ಕೆಂಡವಾದರು. ಅವರು ದನಿ ಎತ್ತಿದ್ದನ್ನು ಇವತ್ತೇ ಕೇಳಿದ್ದು. "ಹಾಗಾದರೆ ತಪ್ಪು ಯಾವ ಅಂಕಿ? ತೋರಿಸು! ಒಂದು ತೋರಿಸು!"

"ಅಂಕಿ ತಪ್ಪಿಲ್ಲ ಸಾರ್. ನಾವು ಓದಿದ ಜಾಗ ತಪ್ಪು. ಲಿಫ್ಟಿನ ಮೆಷಿನ್ ರೂಮಿಗೆ ಹೋಗಿ ಜೋಡಿ ಓದು ಮಾಡೋಣ. ಅಲ್ಲಿ ನೀವು 52 ಅಂತ ಓದಿದರೆ ಅಲ್ಲೇ ಸಹಿ ಹಾಕ್ತೀನಿ. ತನಿಖೆಯವರೂ ಬರಲಿ."

ಹೇಳಿಬಿಟ್ಟೆ. ಅವರು ಸರಿಯಾಗಿ ಓದಿಬಿಟ್ಟರೆ? ಸ್ಪ್ಯಾನರಿನ ಕಥೆಗೆ ನಾನೇ ಪೂರ್ಣವಿರಾಮ ಹಾಕಿದಂತೆ. ಇವಳೊಬ್ಬಳ ಕಣ್ಣೇ ತಪ್ಪಿದ್ದರೆ?

ಮಧ್ಯಾಹ್ನ ಎರಡು ಕಪ್ ಕಾಫಿ ಹಿಡಿದು ಅವರೇ ನನ್ನ ಮೇಜಿಗೆ ಬಂದರು. "ಆ ಟೇಬಲ್ ಹಾಕಿದ್ದು ನಾನು. ಜೇಬಿನ ಅಳತೆ ತಗೊಂಡು ಬಂದು ಹಾಕಿದ್ದು. ನಡಿ, ನೋಡೇ ಬಿಡೋಣ."

27 ಜೂನ್, ಶುಕ್ರವಾರ

ನಮ್ಮ ಆಫೀಸಿನ ಲಿಫ್ಟಿನದೇ ಮೆಷಿನ್ ರೂಮು, ತಾರಸಿಯ ಮೇಲೆ. ಬಗ್ಗಿ ಒಳಹೋಗಬೇಕು. ಎಣ್ಣೆ ವಾಸನೆ, ಸೆಕೆ, ಮೋಟರಿನ ಗುಂಯ್ ಸದ್ದು. ತನಿಖೆಯ ಇನ್ಸ್‌ಪೆಕ್ಟರ್ ಮೇಡಮ್ ಮೂಲೆಯಲ್ಲಿ ಕೈಕಟ್ಟಿ ನಿಂತರು. ಬಾಗಿಲ ಹೊರಗೆ ಸ್ಪ್ಯಾನರ್. ಅವಳನ್ನು ಬರಬೇಡ ಎಂದಿದ್ದೆ, ಬಂದಿದ್ದಳು.

ಸಾರ್ ಕೈಗವಸು ಹಾಕಿಕೊಂಡರು. ಅವರ ಜೇಬಿನಿಂದ ಸ್ಕೇಲ್ ಇಣುಕುತ್ತಿತ್ತು. ಕೈ ಚಾಚಿದೆ. ಕೊಡುವ ಮೊದಲು ಒಂದು ಕ್ಷಣ ನನ್ನನ್ನೇ ನೋಡಿದರು. ಅದನ್ನು ನನ್ನ ಬ್ಯಾಗಿಗೆ ಹಾಕಿದೆ. ಅವರ ಬಲಗೈಗೆ ಒಂದು ಸ್ಪ್ಯಾನರ್, ಎಡಗೈಗೆ ಪುಸ್ತಕ ಕೊಟ್ಟೆ. ಟಾರ್ಚ್ ಎಲ್ಲಿ ಹಿಡಿಯಲಿ ಅಂದರು. "ಬಾಯಲ್ಲಿ ಸಾರ್" ಎಂದು ಬಾಗಿಲ ಆಚೆಯಿಂದ ಸಣ್ಣ ದನಿ.

ಪುಸ್ತಕವನ್ನು ಮಡಚಬಾರದೆಂದು ಬಹಳ ಹೆಣಗಿದರು ಪಾಪ. ನಿಲ್ಲಲಿಲ್ಲ. ಮಡಚಿದರು. ಮೇಡಮ್ ಕೇಳಿದರು, "ಹತ್ತು ಜನರ ಲಿಫ್ಟು, ಬ್ರೇಕ್ ಸ್ಪ್ರಿಂಗ್. ಎಷ್ಟು?"

ಅವರು ಹಿಂದೆ ತಿರುಗಿಸಿದರು. ಮುಂದೆ ತಿರುಗಿಸಿದರು. ಟಾರ್ಚಿನ ಬೆಳಕು ಹಾಳೆಯ ಮೇಲೆ ಕುಣಿಯಿತು. ಟಾರ್ಚನ್ನು ಬಾಯಿಂದ ತೆಗೆದು ಅವರು ಖಚಿತವಾಗಿ ಹೇಳಿದರು.

"ಅರವತ್ತೊಂದು."

58 ಕೂಡ ಅಲ್ಲ. ಇನ್ನೂ ಒಂದು ಸಾಲು ಕೆಳಗೆ.

ನಮ್ಮ ಮುಖ ನೋಡಿಯೇ ಅವರಿಗೆ ತಿಳಿಯಿತು. ಪುಸ್ತಕ ಬಿಚ್ಚಿ, ನನ್ನ ಕಡೆ ಕೈ ಚಾಚಿದರು. ಸ್ಕೇಲ್ ಕೊಟ್ಟೆ. ಅಡ್ಡ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆ ಪುಟ ಹಾಕಿದವರಿಗೇ ಸ್ಕೇಲ್ ಇಲ್ಲದೆ ದಾರಿ ಸಿಗಲಿಲ್ಲ. ನಾನು ಗೆದ್ದಿದ್ದೆ, ಆದರೆ ಖುಷಿ ಅನ್ನಿಸಲಿಲ್ಲ.

ಅವರು ಎದ್ದು ಬಾಗಿಲ ಹತ್ತಿರ ಹೋಗಿ ಸ್ಪ್ಯಾನರಿಗೆ ಹೇಳಿದರು, "ನಿನ್ನ ಕಣ್ಣು ಸರಿಯಾಗೇ ಇದೆಯಮ್ಮ."

ಮೇಡಮ್ ಮಾತ್ರ ಬಿಗಿ. "ಸೆಟ್ ಮಾಡಿದ ಮೇಲೆ ಪೂರ್ತಿ ಭಾರ ಹಾಕಿ ಪರೀಕ್ಷೆ ಮಾಡಬೇಕಿತ್ತು. ಮಾಡಿಲ್ಲ. ಅದು ಇವರ ತಪ್ಪು, ಅದನ್ನ ನಾನು ಬಿಡಲ್ಲ. ಈ ಪುಟ ಇವರ ತಪ್ಪಲ್ಲ." ಲೈಸೆನ್ಸ್ ರದ್ದಿಲ್ಲ. ಜುಲೈ ಕೊನೆಯ ವಾರದವರೆಗೆ ಅಮಾನತು. ಆಮೇಲೆ ಅದೇ ಲಿಫ್ಟಿನಲ್ಲಿ, ಹೊಸ ಪುಟ ಇಟ್ಟುಕೊಂಡು, ಮರುಪರೀಕ್ಷೆ.

ಸಾರ್ ತಮ್ಮ ಸಹಿಯ ಕೆಳಗೆ ಒಂದು ಸಾಲು ಬರೆದರು: ಅಂಕಿ ಸರಿ, ಪುಟ ತಪ್ಪು. ಅದರ ಕೆಳಗೆ ನಾನೂ ಸಹಿ ಹಾಕಿದೆ.

5 ಜುಲೈ, ಶನಿವಾರ

ವಾರವಿಡೀ ಹೊಸ ಪುಟದ ಗುದ್ದಾಟ. ನಿಯಮ ಒಂದೇ — ಓದಲು ಸ್ಕೇಲ್ ಬೇಕೆನ್ನಿಸಿದರೆ ಪುಟ ಫೇಲು.

ಪ್ರತಿ ಮಾದರಿಯ ಲಿಫ್ಟಿಗೂ ಬೇರೆ ಪುಟ. ಹೆಸರಿನ ಪಕ್ಕದಲ್ಲೇ ಅಂಕಿ, ಅಂಕಿಗೆ ಅಂಟಿಕೊಂಡೇ "ಮಿಮೀ". ಮೂರು ಮೂರು ಸಾಲಿಗೆ ಒಂದು ಖಾಲಿ ಜಾಗ. ಬ್ರೇಕು ಮೇಲೆ, ಬಾಗಿಲು ಪುಟದ ಬುಡದಲ್ಲಿ; ಇಬ್ಬರೂ ಇನ್ನು ಅಕ್ಕಪಕ್ಕ ಕೂರುವಂತಿಲ್ಲ. ಯಾರೂ ಮುಟ್ಟದ ಅಳತೆಗಳನ್ನೆಲ್ಲ ಬೇರೆ ಪುಸ್ತಕಕ್ಕೆ ಅಟ್ಟಿದೆವು. ಪುಸ್ತಕ ಈಗಲೂ ಜೇಬಿಗೆ ಹೋಗುತ್ತದೆ. ಸಾರ್ ತಾವೇ ಜೇಬಿಗೆ ಹಾಕಿಕೊಂಡು ಓಡಾಡಿ ನೋಡಿದರು.

ಸೊನ್ನೆಗಳ ಮೇಲೆ ಮಾತ್ರ ದೊಡ್ಡ ಜಗಳ. "52 ಅಂತ ಬರೀ ಮೈಯಲ್ಲಿ ನಿಲ್ಲಿಸೋದಾ?" ಅಂದರು, ನೋವಿನಿಂದ. "ಮಿಲಿಮೀಟರಿನ ನೂರನೇ ಭಾಗ ಯಾವ ಮೆಕ್ಯಾನಿಕ್ ಅಳೀತಾನೆ ಸಾರ್?" ಅಂದೆ. ಒಂದು ದಿನ ಮಾತು ಬಿಟ್ಟರು. ಮರುದಿನ ಸೊನ್ನೆಗಳನ್ನು ತಾವೇ ಅಳಿಸಿ ತಂದರು. ಕಾಫಿಯನ್ನೂ "ಅರ್ಧ" ಎಂದು ಕೇಳಿದರು. ವಿಭಾಗವೇ ತಲೆಯೆತ್ತಿ ನೋಡಿತು.

ಮನೆಯಲ್ಲಿ ಪರೀಕ್ಷೆಗೆ ಸಿಕ್ಕಿದವರು ಇವರು. ಬಚ್ಚಲುಮನೆಯಲ್ಲಿ ಬೆಳಕು ಆರಿಸಿ, ಬಾಯಿಗೆ ಟಾರ್ಚು, ಕೈಗೆ ನನ್ನ ಸೌಟು. ಐದಕ್ಕೆ ಐದೂ ಸರಿ ಓದಿದರು. ಸೀಟಿ ಊದಿದರು.

ಇಷ್ಟೆಲ್ಲ ನಡೆಯುವಾಗ ಸ್ಪ್ಯಾನರ್ ಹತ್ತಿರ ಸುಳಿಯಲಿಲ್ಲ. ಹೊಸ ಪುಟ ತೋರಿಸಿದರೆ ಕಣ್ಣು ಬೇರೆ ಕಡೆ. ಗಂಟೆ ಎಷ್ಟಾಯಿತು ಎಂದರೂ ಗಡಿಯಾರ ನೋಡದೆ "ನೀವೇ ನೋಡಿ ಅತ್ತಿಗೆ" ಅನ್ನುತ್ತಾಳೆ. ಲೈಸೆನ್ಸ್ ಉಳಿಯಿತು. ಇವಳಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆ ಉಳಿಯಲಿಲ್ಲ. ಪರೀಕ್ಷೆಗೇ ಹೋಗುವುದಿಲ್ಲವಂತೆ. ಪುಟ ಸರಿಮಾಡಬಹುದು, ಇದನ್ನು ಹೇಗೆ ಸರಿಮಾಡುವುದೋ ನನಗೆ ಗೊತ್ತಿಲ್ಲ.

13 ಜುಲೈ, ಭಾನುವಾರ

ಬೆಳಗ್ಗೆ ಎದ್ದರೆ ಸ್ಪ್ಯಾನರ್ ಇಲ್ಲ, ಅವಳ ಟೂಲ್ ಬಾಕ್ಸೂ ಇಲ್ಲ. ಗಾಬರಿಯಾಯಿತು. ಮಧ್ಯಾಹ್ನ ಫೋನು, ಟೈಲರಮ್ಮನಿಂದ. "ನಿಮ್ಮ ಹುಡುಗಿ ಇಲ್ಲಿದ್ದಾಳೆ. ಊಟಾನೂ ಇಲ್ಲೇ."

ಓಡಿದೆ. ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿದರೆ, ಸ್ಪ್ಯಾನರ್ ನೆಲದ ಮೇಲೆ ಮಲಗಿ ಹೊಲಿಗೆ ಯಂತ್ರದ ಬುಡದಲ್ಲಿ ತಲೆ ತೂರಿಸಿದ್ದಾಳೆ. ಚಕ್ರಕ್ಕೆ ಕೈಹಿಡಿ ಜೋಡಿಸಿ, ತುಳಿಯದೆಯೇ ತಿರುಗುವಂತೆ ಮಾಡಿದ್ದಾಳೆ. ಬಂದವಳು ಕ್ಷಮಿಸಿ ಎಂದು ನಾಲ್ಕು ಮಾತನ್ನೂ ಆಡಲಿಲ್ಲವಂತೆ. "ಕಾಲು ಬೇಡದ ಹಾಗೆ ಮಾಡಿಕೊಡ್ಲಾ?" ಎಂದಷ್ಟೇ ಕೇಳಿದಳಂತೆ. ಟೈಲರಮ್ಮ ಬಾಗಿಲು ಹಾಕಬೇಕೆಂದಿದ್ದರಂತೆ. ಹಾಕಲಿಲ್ಲ.

ಯಂತ್ರ ಓಡಿತು. ಟೈಲರಮ್ಮ ಕೈಹಿಡಿ ತಿರುಗಿಸಿ ಒಂದು ಕಾಲರ್ ಹೊಲಿದು ನೋಡಿದರು. ಆಮೇಲೆ ಅಳತೆ ಟೇಪನ್ನು ಅವಳತ್ತ ಎಸೆದು, "ಆ ಶರ್ಟಿನ ತೋಳು ಎಷ್ಟಿದೆ ಓದು" ಅಂದರು.

"ಬೇಡ. ನಂಗೆ ನಂಬರ್ ಓದಿಸಬೇಡಿ."

"ಓದು ಅಂದೆ. ನಾನು ಪಕ್ಕದಲ್ಲೇ ಇದ್ದೀನಲ್ಲ. ನಾನೂ ಒಂದ್ಸಲ ನೋಡ್ತೀನಿ. ಇಬ್ಬರು ನೋಡಿದ್ರೆ ಏನಾಗುತ್ತೆ?"

ಸ್ಪ್ಯಾನರ್ ಟೇಪನ್ನು ತೋಳಿನ ಮೇಲೆ ಹಿಡಿದಳು. ನಾನು ಬಾಗಿಲಲ್ಲೇ ನಿಂತೆ.

"ಇಪ್ಪತ್ತ... ಮೂರೂವರೆ."

ಟೈಲರಮ್ಮ ಬಗ್ಗಿ ನೋಡಿದರು. "ಹ್ಞೂಂ. ಮುಂದಿಂದು ಓದು."

21 ಜುಲೈ, ಸೋಮವಾರ

ಇವಳು ದಿನಾ ಸಂಜೆ ಅಲ್ಲಿಗೇ ಹೋಗುತ್ತಾಳೆ. ಬಟ್ಟೆ ಅಳೆಯುವುದು, ಓದಿ ಹೇಳುವುದು. ಟೈಲರಮ್ಮನಿಗೆ ಈಗ ಪ್ಲಾಸ್ಟರ್ ತೆಗೆದಿದ್ದಾರೆ, ಕೋಲು ಹಿಡಿದು ಕೋಣೆಯೊಳಗೆ ನಡೆಯುತ್ತಾರೆ. ಮೆಟ್ಟಿಲು ಮಾತ್ರ ಇನ್ನೂ ಆಗದು. ನಿನ್ನೆ ಇವಳಿಗೆ ಹೇಳಿದರಂತೆ, "ನನ್ನನ್ನ ಇಳಿಸೋಳು ನೀನೇ. ಬೇರೆಯವರು ಮುಟ್ಟಿದ ಲಿಫ್ಟಿಗೆ ನಾನು ಹತ್ತಲ್ಲ." ಬೈಗುಳವೋ ಪ್ರೀತಿಯೋ ಗೊತ್ತಾಗಲಿಲ್ಲ ಅಂದಳು. ಎರಡೂ ಇರಬೇಕು ಅಂದೆ.

ರಾತ್ರಿ ಊಟದ ಹೊತ್ತಿಗೆ ಅವಳೇ ಕೇಳಿದಳು. "ಅತ್ತಿಗೆ, ಆ ಹೊಸ ಪುಟ ಕೊಡಿ."

ಕೊಟ್ಟೆ. ಈ ಸಲ ಗೆದ್ದೆ ಅನ್ನಿಸಲಿಲ್ಲ.

30 ಜುಲೈ, ಬುಧವಾರ. ಬೆಳಗ್ಗೆ

ನಾಲ್ಕನೇ ಮಹಡಿ, ಟೈಲರಮ್ಮನ ಬಾಗಿಲ ಹೊರಗಿನ ಬೆಂಚು. ನಾನು, ಟೈಲರಮ್ಮ, ಅವರ ಕೋಲು. ಮೇಲೆ ಮೆಷಿನ್ ರೂಮಿನಲ್ಲಿ ಸ್ಪ್ಯಾನರ್ ಮತ್ತು ಇನ್ಸ್‌ಪೆಕ್ಟರ್ ಮೇಡಮ್. ಕೆಳಗೆ ಭಾರದ ಚೀಲಗಳನ್ನು ಒಳಗಿಡಿಸುತ್ತ ಸಾರ್. ಅವರು ಬರಲೇಬೇಕೆಂದೇನೂ ಇರಲಿಲ್ಲ, ರಜೆ ಹಾಕಿ ಬಂದಿದ್ದಾರೆ. ಇವರು ಶಾಲೆಯಿಂದ ಮೂರು ಸಲ ಫೋನ್ ಮಾಡಿದರು. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಟೈಲರಮ್ಮ ಹೊಸ ಶರ್ಟು ಹಾಕಿದ್ದಾರೆ. ತಾವೇ ಹೊಲಿದದ್ದು. ತೋಳಿನ ಅಳತೆ ಯಾರು ಓದಿದ್ದೆಂದು ಕೇಳಲಿಲ್ಲ.

ಫೋನು. ಸ್ಪ್ಯಾನರ್.

"ಅತ್ತಿಗೆ, ಪುಟ ತೆಗೆದಿದ್ದೀನಿ. ಮೇಡಮ್ ಒಪ್ಪಿದ್ದಾರೆ. ನಾನು ಓದ್ತೀನಿ, ನೀವು ಟಿಕ್ ಹಾಕಿ."

"ಸ್ಕೇಲ್ ಬೇಕಾ?"

"ಬೇಡ."

ಅದೇ ಪುಟದ ಇನ್ನೊಂದು ಪ್ರತಿ ನನ್ನ ಮಡಿಲಲ್ಲಿ.

"ಬ್ರೇಕ್ ಸ್ಪ್ರಿಂಗ್, ಐವತ್ತೆರಡು ಮಿಲಿಮೀಟರ್."

ಟಿಕ್.

"ಕೈ ಏನು ಹೇಳುತ್ತೆ?" ಎಂದು ಕೇಳಿದೆ.

ಫೋನಿನಲ್ಲಿ ನಟ್ಟು ತಿರುಗಿಸುವ ಸದ್ದು. "ಅದೂ ಅದನ್ನೇ ಹೇಳ್ತಿದೆ ಅತ್ತಿಗೆ."

ಈಗ ಭಾರ ಹಾಕಿ ಓಡಿಸುತ್ತಿದ್ದಾರೆ. ಒಂದು. ಎರಡು. ಮೂರರಲ್ಲಿ ನಿಂತಿತು. ಕೆಳಗೆ ಹೋಯಿತು. ಮತ್ತೆ ಮೇಲೆ. ಟೈಲರಮ್ಮನ ಕೈ ಕೋಲಿನ ಮೇಲೆ ಬಿಗಿಯಾಗಿದೆ. ಚೀಲಗಳನ್ನು ಇಳಿಸಿದರಂತೆ. ಮೇಡಮ್ "ಆಯ್ತು" ಅಂದರಂತೆ — ಸಾರ್ ಕೆಳಗಿನಿಂದ ಕೂಗಿ ಹೇಳುತ್ತಿದ್ದಾರೆ, ಕಟ್ಟಡಕ್ಕೆಲ್ಲ ಕೇಳುವಂತೆ.

ಲಿಫ್ಟು ಬರುತ್ತಿದೆ. ಎರಡು. ಮೂರು. ನಾಲ್ಕು.

ಬಾಗಿಲು ತೆರೆಯಿತು. ಒಳಗೆ ಸ್ಪ್ಯಾನರ್ ಒಬ್ಬಳೇ, ಎರಡೂ ಕೈಗೆ ಗ್ರೀಸ್. ಲಿಫ್ಟಿನ ನೆಲ, ಮಹಡಿಯ ನೆಲ, ಎರಡೂ ಒಂದೇ ಮಟ್ಟ. ಟೈಲರಮ್ಮ ಎದ್ದರು. ಕೋಲನ್ನು ಬೆಂಚಿಗೆ ಒರಗಿಸಿಟ್ಟು ಅವಳ ಕೈ ಹಿಡಿದರು, ಗ್ರೀಸ್ ಸಮೇತ. ನನ್ನ ಕಡೆ ತಿರುಗಿ, "ಬರೆದದ್ದು ಸಾಕು, ನೀನೂ ಬಾ" ಎಂದು ಪೆನ್ನು ಕಿತ್ತುಕೊ—